ಡಿವಿಆರ್‌ಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಬೀಪ್ ಸದ್ದು, ಆಮೇಲೆ ಏಳೇ ದಿನದ ರೆಕಾರ್ಡಿಂಗ್: ತಪ್ಪು ಹುಡುಕಿದ ಬಗೆ

ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಚಿಕ್ಕಪ್ಪನ ಮನೆ. ಗೇಟಿಗೊಂದು, ಅಂಗಳಕ್ಕೊಂದು, ಅಡಿಕೆ ಒಣಗಿಸುವ ಚಪ್ಪರಕ್ಕೊಂದು, ಚೀಲ ಇಡುವ ಕೋಣೆಯ ಬಾಗಿಲಿಗೊಂದು, ಹೀಗೆ ನಾಲ್ಕು ಕ್ಯಾಮೆರಾ ಇವೆ. ಹೋದ ಡಿಸೆಂಬರಿನಲ್ಲಿ, ಕೊನೆಕೊಯ್ಲಿನ ಗಡಿಬಿಡಿಯ ನಡುವೆ, ಕೆಂಪಡಿಕೆಯ ಒಂದು ಚೀಲ ಕಾಣೆಯಾಯಿತು. ಗೊತ್ತಾಗಿದ್ದು ಚೀಲ ಎಣಿಸಿದಾಗ. ಹಿಂದಿನ ಸಲ ಎಣಿಸಿ ಒಂಬತ್ತು ದಿನ ಆಗಿತ್ತು. ಡಿವಿಆರ್‌ನಲ್ಲಿ, ಅಂದರೆ ಕ್ಯಾಮೆರಾಗಳ ಚಿತ್ರ ಬರೆದಿಡುವ ಪೆಟ್ಟಿಗೆಯಲ್ಲಿ, ನೋಡಿದರೆ ಐದು ದಿನಕ್ಕಿಂತ ಹಿಂದಿನದು ಏನೂ ಇರಲಿಲ್ಲ. ಕ್ಯಾಮೆರಾ ನೋಡಿತ್ತು, ಡಿವಿಆರ್ ಬರೆದುಕೊಂಡೂ ಇತ್ತು. ಜಾಗ ಸಾಲದೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆದಿತ್ತು.

ಒಳಗಿದ್ದದ್ದು 500 ಜಿಬಿ ಡಿಸ್ಕ್. ಅದರ ಪಕ್ಕ ಇನ್ನೊಂದು ಡಿಸ್ಕ್ ಹಾಕೋಣ ಎಂದು 2 ಟಿಬಿಯದನ್ನು ತೆಗೆದುಕೊಂಡು ಹೋದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಅದು ಸರಿಯಾಗಲು ಹತ್ತು ದಿನ ಹಿಡಿಯಿತು. ಒಂದರ ಹಿಂದೆ ಒಂದು ಎರಡು ತಪ್ಪು ಅಡಗಿದ್ದವು. ಎರಡೂ ಹೊಸ ಡಿಸ್ಕಿನ ತಪ್ಪಲ್ಲ. ಎರಡೂ ಮೊದಲಿನಿಂದ ಅಲ್ಲೇ ಇದ್ದವು, ಸಣ್ಣ ಡಿಸ್ಕ್ ಇರುವ ತನಕ ಹೊರಗೆ ಕಾಣುತ್ತಿರಲಿಲ್ಲ, ಅಷ್ಟೇ. ಮನೆಯ ಡಿವಿಆರ್‌ಗೆ ಜಾಗ ಹೆಚ್ಚಿಸಲು ಹೊರಟ ಎಷ್ಟೋ ಜನ ಇಲ್ಲೇ ಸಿಕ್ಕಿಕೊಂಡು, ಒಳ್ಳೆಯ ಡಿಸ್ಕನ್ನು ಅಂಗಡಿಗೆ ವಾಪಸ್ ಕೊಟ್ಟು ಬರುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎಷ್ಟು ಜಾಗ ಬೇಕು, ಮೊದಲು ಲೆಕ್ಕ

ಈ ಲೆಕ್ಕ ಗೊತ್ತಿದ್ದರೆ ಮುಂದೆ ತಪ್ಪು ಹುಡುಕುವಾಗ ತುಂಬ ಸಹಾಯ ಆಗುತ್ತದೆ. ಡಿವಿಆರ್‌ನ ಎನ್‌ಕೋಡ್ ಸೆಟ್ಟಿಂಗ್‌ನಲ್ಲಿ ಪ್ರತಿ ಕ್ಯಾಮೆರಾಗೂ ಬಿಟ್‌ರೇಟ್ ಅಂತ ಒಂದು ಸಂಖ್ಯೆ ಇರುತ್ತದೆ. 1024, 2048, 4096, ಹೀಗೆ. ಅದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕ. 1000 ಕಿಲೋಬಿಟ್ ಇದ್ದರೆ ಇಡೀ ದಿನ ರೆಕಾರ್ಡ್ ಆದಾಗ 10.8 ಜಿಬಿ ಆಗುತ್ತದೆ. ಹಾಗಾಗಿ 2048 ಇದ್ದ ಕ್ಯಾಮೆರಾ ದಿನಕ್ಕೆ ಸುಮಾರು 22 ಜಿಬಿ ತಿನ್ನುತ್ತದೆ. ಚಿಕ್ಕಪ್ಪನ ಮನೆಯ ನಾಲ್ಕೂ ಕ್ಯಾಮೆರಾ 2048ರಲ್ಲೇ ಇದ್ದವು. ಅಂದರೆ ದಿನಕ್ಕೆ 88 ಜಿಬಿ. 500 ಜಿಬಿ ಡಿಸ್ಕ್ ಐದೂವರೆ ದಿನಕ್ಕೆ ತುಂಬುತ್ತದೆ. ನಾವು ಕಂಡದ್ದೂ ಅದನ್ನೇ.

2 ಟಿಬಿ ಸೇರಿದರೆ ಒಟ್ಟು 2500 ಜಿಬಿ. 88ರಿಂದ ಭಾಗಿಸಿದರೆ 28 ದಿನ. ಈ 28 ಎಂಬ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಡಿವಿಆರ್ ಮೇಲೆ ಅಂಟಿಸಿದೆ. ಎಷ್ಟು ದಿನ ಬರಬೇಕು ಅಂತಲೇ ಗೊತ್ತಿಲ್ಲದಿದ್ದರೆ, ಬಂದದ್ದು ಕಮ್ಮಿ ಅಂತ ಹೇಗೆ ತಿಳಿಯುತ್ತದೆ?

ಡಿವಿಆರ್‌ನ ಪಟ್ಟಿಯಲ್ಲಿ 500 ಜಿಬಿ ಡಿಸ್ಕ್ 465 ಎಂದೂ, 2 ಟಿಬಿ ಡಿಸ್ಕ್ 1863 ಎಂದೂ ಕಾಣುತ್ತದೆ. ಇದು ದೋಷ ಅಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಡಿವಿಆರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ ಇದೆ.

ಡಿಸ್ಕ್ ಕೊಳ್ಳುವ ಮುಂಚೆ

ಡಿವಿಆರ್‌ನ ಮುಚ್ಚಳ ತೆರೆದು ಒಳಗೆ ಎಷ್ಟು ಸಾಟಾ ಪೋರ್ಟ್ (ಡಿಸ್ಕಿನ ಡೇಟಾ ಕೇಬಲ್ ಚುಚ್ಚುವ ಜಾಗ) ಇವೆ ನೋಡಿ. ನಾಲ್ಕು ಚಾನೆಲ್‌ನ, ಅಂದರೆ ನಾಲ್ಕು ಕ್ಯಾಮೆರಾ ಜೋಡಿಸಬಹುದಾದ, ಸಣ್ಣ ಡಿವಿಆರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಲು ಆಗುವುದಿಲ್ಲ, ಇದ್ದದ್ದನ್ನು ತೆಗೆದು ದೊಡ್ಡದು ಹಾಕಬೇಕು. ಚಿಕ್ಕಪ್ಪನದು ಎಂಟು ಚಾನೆಲ್‌ದು, ಎರಡು ಪೋರ್ಟ್ ಇದ್ದವು. ಹಿಂಭಾಗದ ಯುಎಸ್‌ಬಿಗೆ ಹೊರಗಿನ ಡಿಸ್ಕ್ ಚುಚ್ಚಿದರೆ ಸಾಕಲ್ವಾ ಎಂದು ಚಿಕ್ಕಪ್ಪ ಕೇಳಿದರು. ಸಾಕಾಗುವುದಿಲ್ಲ. ಹೆಚ್ಚಿನ ಡಿವಿಆರ್‌ಗಳಲ್ಲಿ ಯುಎಸ್‌ಬಿ ಇರುವುದು ಬೇಕಾದ ತುಣುಕನ್ನು ನಕಲು ಮಾಡಿಕೊಳ್ಳಲು ಮತ್ತು ಮೌಸ್ ಚುಚ್ಚಲು. ಅದರ ಮೇಲೆ ನೇರ ರೆಕಾರ್ಡಿಂಗ್ ಆಗುವುದಿಲ್ಲ.

ಸಿಸಿಟಿವಿಗೆಂದೇ ಮಾಡಿದ ಡಿಸ್ಕ್ ತಗೊಳ್ಳಿ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಇಂಥವು. ಹೆಸರಿನ ಸಲುವಾಗಿ ಹೇಳುತ್ತಿಲ್ಲ. ಮಾಮೂಲಿ ಕಂಪ್ಯೂಟರ್ ಡಿಸ್ಕ್ ಹಗಲೂ ರಾತ್ರಿ ನಿಲ್ಲದೆ ಬರೆಯುವ ಕೆಲಸಕ್ಕೆ ಮಾಡಿದ್ದಲ್ಲ. ಒಂದು ಜಾಗದಲ್ಲಿ ಓದಲು ಆಗದಿದ್ದರೆ ಅದು ಮತ್ತೆ ಮತ್ತೆ ಅಲ್ಲೇ ಪ್ರಯತ್ನ ಮಾಡುತ್ತಾ ನಿಲ್ಲುತ್ತದೆ. ಅಷ್ಟರಲ್ಲಿ ನಾಲ್ಕು ಕ್ಯಾಮೆರಾದ ಚಿತ್ರ ಸಾಲುಗಟ್ಟಿ ಕಾಯುತ್ತಿರುತ್ತದೆ. ಸಿಸಿಟಿವಿ ಡಿಸ್ಕ್ ಅಲ್ಲಿ ಜಾಸ್ತಿ ಹೊತ್ತು ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಡಿಸ್ಕಿನ ವಿವರದಲ್ಲಿ ಸಿಎಂಆರ್ ಎಂದಿರಲಿ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್ ಹಳೆಯದರ ಮೇಲೆ ಬರೆಯುವಾಗ ನಿಧಾನ ಆಗುತ್ತದೆ. ಡಿವಿಆರ್ ತುಂಬಿದ ಮೇಲೆ ಮಾಡುವುದೇ ಆ ಕೆಲಸ.

ಕಮ್ಮಿ ಬೆಲೆಗೆ ಸಿಕ್ಕಿತು ಎಂದು ಬಳಸಿದ ಡಿಸ್ಕ್ ತಂದರೆ, ಮೊದಲು ಅದು ಎಷ್ಟು ಗಂಟೆ ಓಡಿದೆ ನೋಡಿ. ಕಂಪ್ಯೂಟರ್‌ಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಒಟ್ಟು ಗಂಟೆ ತೋರಿಸುತ್ತದೆ. ಒಂದು ವರ್ಷಕ್ಕೆ 8760 ಗಂಟೆ. 35,000 ಎಂದು ಬಂದರೆ ಅದು ನಾಲ್ಕು ವರ್ಷ ಹಗಲೂ ರಾತ್ರಿ ದುಡಿದ ಡಿಸ್ಕ್.

ಮೊದಲನೇ ತಪ್ಪು: ಟಿಕ್ ಟಿಕ್, ಬೀಪ್, ಮತ್ತೆ ಲೋಗೋ

ಡಿವಿಆರ್ ಆಫ್ ಮಾಡಿ, ಪ್ಲಗ್ ಕಿತ್ತು, ಲೋಹದ ಕಿಟಕಿ ಸರಳು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು ಒಳಗೆ ಕೈ ಹಾಕಿದೆ. ಡಿಸ್ಕನ್ನು ತಳದಿಂದ ನಾಲ್ಕು ಸ್ಕ್ರೂ ಹಾಕಿ ಬಿಗಿ ಮಾಡಿದೆ. ಎರಡು ಕೇಬಲ್ ಜೋಡಿಸಿದೆ, ಸಣ್ಣದು ಡೇಟಾಗೆ, ಅಗಲದ್ದು ಕರೆಂಟಿಗೆ. ಆನ್ ಮಾಡಿದೆ.

ಲೋಗೋ ಬಂತು. ಒಳಗಿನಿಂದ ಗುಯ್ ಎಂದು ತಿರುಗುವ ಸದ್ದು ಶುರುವಾಗಿ, ಅರ್ಧದಲ್ಲೇ ಇಳಿಯಿತು. ಟಿಕ್. ಮತ್ತೆ ಲೋಗೋ. ಮತ್ತೆ ಗುಯ್, ಟಿಕ್. ಹೀಗೆ ನಾಲ್ಕು ಸಲ ಆದ ಮೇಲೆ ಹೇಗೋ ಪೂರ್ತಿ ಚಾಲೂ ಆಯಿತು. ಆದರೆ ಪಟ್ಟಿಯಲ್ಲಿ ಒಂದೇ ಡಿಸ್ಕ್. ಜೊತೆಗೆ ನಿಲ್ಲದ ಬೀಪ್. "ಹೊಸಾ ಡಿಸ್ಕೇ ಕೆಟ್ಟದ್ದು ಕೊಟ್ಟಿದ್ದಾರೆ ಮಾರಾಯಾ, ನಾಳೆ ವಾಪಸ್ ಕೊಟ್ಟು ಬಾ" ಎಂದರು ಚಿಕ್ಕಪ್ಪ. ಆ ಸದ್ದು ಕೇಳಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಇಲ್ಲಿ ಒಂದು ಮಾತು. ಮೆನುವಿನಲ್ಲಿ ಎಕ್ಸೆಪ್ಷನ್ ಅಥವಾ ಅಲಾರಂ ಎಂಬಲ್ಲಿ ಹೋಗಿ ಬೀಪ್ ನಿಲ್ಲಿಸಬಹುದು. ದಯವಿಟ್ಟು ಕಾರಣ ಸಿಗುವ ತನಕ ನಿಲ್ಲಿಸಬೇಡಿ. ಡಿಸ್ಕ್ ಕೈಕೊಟ್ಟಿದೆ ಎಂದು ಡಿವಿಆರ್ ನಿಮಗೆ ತಿಳಿಸಲು ಇರುವ ಮುಖ್ಯ ದಾರಿ ಅದು. ಎಷ್ಟೋ ಮನೆಗಳಲ್ಲಿ ಸದ್ದು ಕಿರಿಕಿರಿ ಎಂದು ಬೀಪ್ ನಿಲ್ಲಿಸಿ, ಆರು ತಿಂಗಳು ಏನೂ ರೆಕಾರ್ಡ್ ಆಗದೇ ಇರುವುದನ್ನು ನೋಡಿದ್ದೇನೆ. ಟಿವಿಯಲ್ಲಿ ನೇರ ಚಿತ್ರ ಬರುತ್ತಲೇ ಇರುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಡಿಸ್ಕ್ ಕೆಟ್ಟಿದೆಯೋ ಇಲ್ಲವೋ ನೋಡಲು ಒಂದೊಂದನ್ನೇ ಬಿಡಿಸಿ ನೋಡುವುದು ಬಿಟ್ಟು ಬೇರೆ ಉಪಾಯ ಇಲ್ಲ. ಹಳೆಯದನ್ನು ಕಳಚಿ ಹೊಸದೊಂದನ್ನೇ ಹಾಕಿದೆ. ಸರಾಗವಾಗಿ ತಿರುಗಿತು, ಪಟ್ಟಿಯಲ್ಲಿ 1863 ಎಂದು ಬಂತು. ಹೊಸದನ್ನು ಕಳಚಿ ಹಳೆಯದೊಂದನ್ನೇ ಹಾಕಿದೆ. ಅದೂ ಸರಿ. ಕೇಬಲ್ ಅದಲು ಬದಲು ಮಾಡಿದೆ, ಪೋರ್ಟ್ ಅದಲು ಬದಲು ಮಾಡಿದೆ. ಒಂದೇ ಇದ್ದಾಗ ಎಲ್ಲಿ ಹಾಕಿದರೂ ಕೆಲಸ ಮಾಡುತ್ತದೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಟಿಕ್ ಟಿಕ್.

ಈಗ ಡಿಸ್ಕ್, ಕೇಬಲ್, ಪೋರ್ಟ್ ಮೂರರ ಮೇಲೂ ಸಂಶಯ ಹೋಯಿತು. ಎರಡು ಡಿಸ್ಕೂ ಹಂಚಿಕೊಳ್ಳುವ ವಸ್ತು ಇನ್ನೊಂದು ಉಳಿದಿತ್ತು. ಕರೆಂಟ್.

ಡಿವಿಆರ್ ತಲೆಕೆಳಗು ಮಾಡಿ ತಳದ ಚೀಟಿ ಓದಿದೆ. 12 ವೋಲ್ಟ್, 4 ಆಂಪ್. ಅಡಾಪ್ಟರ್ ಎತ್ತಿ ಓದಿದೆ. 12 ವೋಲ್ಟ್, 2 ಆಂಪ್. ಚಿಕ್ಕಪ್ಪನನ್ನು ಕೇಳಿದಾಗ ಕಥೆ ಹೊರಗೆ ಬಂತು. ಹಿಂದಿನ ಮೇ ತಿಂಗಳ ಸಿಡಿಲಿಗೆ ಮೂಲ ಅಡಾಪ್ಟರ್ ಸುಟ್ಟಿತ್ತಂತೆ. ರಿಪೇರಿಗೆ ಬಂದ ಹುಡುಗ ತನ್ನ ಬ್ಯಾಗಿನಲ್ಲಿದ್ದ ಕ್ಯಾಮೆರಾದ ಅಡಾಪ್ಟರ್ ಚುಚ್ಚಿ ಹೋಗಿದ್ದ. ವೋಲ್ಟ್ ಒಂದೇ, ಜ್ಯಾಕ್ ಒಂದೇ. ಒಂದು ಡಿಸ್ಕ್ ಇರುವ ತನಕ ಅದು ಹೇಗೋ ಎಳೆದುಕೊಂಡು ಹೋಗಿತ್ತು.

3.5 ಇಂಚಿನ ಡಿಸ್ಕ್ ಒಮ್ಮೆ ತಿರುಗಲು ಶುರುವಾದ ಮೇಲೆ ಕರೆಂಟ್ ಕಮ್ಮಿಯೇ ಸಾಕು. ಆದರೆ ನಿಂತಲ್ಲಿಂದ ತಿರುಗಲು ಶುರು ಮಾಡುವ ಮೊದಲ ಕೆಲವು ಸೆಕೆಂಡ್ 12 ವೋಲ್ಟ್‌ನ ತಂತಿಯಲ್ಲಿ ಸುಮಾರು 2 ಆಂಪ್ ತನಕ ಎಳೆಯುತ್ತದೆ. ಬಾವಿಯಿಂದ ನೀರೆತ್ತುವ ಮೋಟರ್ ಚಾಲೂ ಆಗುವಾಗ ಮನೆಯ ದೀಪ ಒಮ್ಮೆ ಮಂಕಾಗುತ್ತದಲ್ವಾ, ಅದೇ ರೀತಿ. ಎರಡು ಡಿಸ್ಕ್ ಒಟ್ಟಿಗೆ ಶುರುವಾದರೆ 2 ಆಂಪ್ ಅಡಾಪ್ಟರ್ ಕುಸಿಯುತ್ತದೆ. ವೋಲ್ಟ್ ಇಳಿಯುತ್ತದೆ, ಡಿಸ್ಕ್ ನಿಲ್ಲುತ್ತದೆ, ಡಿವಿಆರ್ ಮೊದಲಿನಿಂದ ಶುರುವಾಗುತ್ತದೆ. ಲಾಗ್, ಅಂದರೆ ಡಿವಿಆರ್ ತಾನೇ ಬರೆದುಕೊಳ್ಳುವ ದಿನಚರಿ, ತೆಗೆದು ನೋಡಿದರೆ ಪವರ್ ಆನ್ ಎಂದು ನಿಮಿಷಕ್ಕೊಂದು ಸಾಲು ಬಿದ್ದಿತ್ತು. ಇಂಥ ಸಾಲುಗಳು ಕಂಡರೆ ಡಿಸ್ಕಿನ ಕಡೆ ನೋಡಬೇಡಿ, ಅಡಾಪ್ಟರ್ ಕಡೆ ನೋಡಿ.

ನನ್ನ ಹತ್ತಿರ ಮೀಟರ್ ಇತ್ತು. ಡಿಸ್ಕಿಗೆ ಹೋಗುವ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ಹಳದಿ ಮತ್ತು ಕಪ್ಪಿನ ನಡುವೆ ಅಳೆದಾಗ ಸುಮ್ಮನಿದ್ದಾಗ 12.1 ಇತ್ತು. ಎರಡು ಡಿಸ್ಕ್ ಶುರುವಾಗುವಾಗ 11ಕ್ಕಿಂತ ಕೆಳಗೆ ಇಳಿಯಿತು. ಮಾಮೂಲಿ ಮೀಟರ್ ನಿಧಾನ, ನಿಜವಾದ ಇಳಿತ ಅದಕ್ಕಿಂತ ಜಾಸ್ತಿಯೇ ಇರುತ್ತದೆ. 11.4ಕ್ಕಿಂತ ಕೆಳಗೆ ಹೋದರೆ ನಾನು ಅಡಾಪ್ಟರ್ ಬದಲಿಸುತ್ತೇನೆ. ಮೀಟರಿನ ಮೊನೆ ಪಕ್ಕದ ತಂತಿಗೆ ತಾಗಿದರೆ ಬೋರ್ಡೇ ಹೋಗಬಹುದು. ಅಭ್ಯಾಸ ಇಲ್ಲದವರು ಅಳೆಯಲು ಹೋಗದೆ ನೇರವಾಗಿ ಬೇರೆ ಅಡಾಪ್ಟರ್ ಹಾಕಿ ನೋಡುವುದೇ ಒಳ್ಳೆಯದು.

ಅಡಾಪ್ಟರ್ ತರುವಾಗ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಡಿವಿಆರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಜ್ಯಾಕಿನ ನಡುವಿನ ಕಡ್ಡಿ ಪ್ಲಸ್ಸೋ ಮೈನಸ್ಸೋ ಎಂದು ಎರಡರ ಚೀಟಿಯಲ್ಲೂ ಸಣ್ಣ ಚಿತ್ರ ಇರುತ್ತದೆ, ಅದು ಹೊಂದಬೇಕು. ಲ್ಯಾಪ್‌ಟಾಪ್ ಅಡಾಪ್ಟರ್ ಜ್ಯಾಕ್ ಕೂತುಕೊಂಡಿತು ಎಂದು ಚುಚ್ಚಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ 19 ವೋಲ್ಟ್ ಇರುತ್ತದೆ. ನಾನು ಸಾಗರದ ಪೇಟೆಯಿಂದ 12 ವೋಲ್ಟ್, 5 ಆಂಪ್‌ನದು ತಂದೆ. ಚುಚ್ಚಿದ ಮೊದಲ ಸಲಕ್ಕೇ ಎರಡೂ ಡಿಸ್ಕ್ ತಿರುಗಿದವು. ಬೀಪ್ ನಿಂತಿತು.

ಅಡಾಪ್ಟರ್ ಸರಿ ಇದ್ದೂ ಹೀಗಾದರೆ

ಟಿಕ್ ಸದ್ದು ಒಂದೇ ಡಿಸ್ಕ್ ಇದ್ದಾಗಲೂ, ಕಂಪ್ಯೂಟರ್‌ಗೆ ಜೋಡಿಸಿದಾಗಲೂ, ಗಡಿಯಾರದ ಹಾಗೆ ಒಂದೇ ಲಯದಲ್ಲಿ ಬರುತ್ತಿದ್ದರೆ ಆಗ ಡಿಸ್ಕೇ ಕೆಟ್ಟಿದೆ. ಅದನ್ನು ವಾರಂಟಿಗೆ ಕೊಡಿ. ಸದ್ದೇ ಇಲ್ಲ, ಬದಿಗೆ ಬೆರಳು ಇಟ್ಟರೆ ನಡುಕವೂ ಇಲ್ಲ ಎಂದಾದರೆ ಕರೆಂಟಿನ ಕೇಬಲ್ ಪೂರ್ತಿ ಕೂತಿಲ್ಲ. ಚೆನ್ನಾಗಿ ತಿರುಗುತ್ತದೆ, ಆದರೆ ಪಟ್ಟಿಯಲ್ಲಿ ಇಲ್ಲ ಎಂದಾದರೆ ಡೇಟಾ ಕೇಬಲ್. ಮುಚ್ಚಳ ಹಾಕುವಾಗ ಆ ತೆಳು ಕೇಬಲ್ ಚೂಪಾಗಿ ಮಡಚಿಕೊಳ್ಳುವುದು ಸಾಮಾನ್ಯ. ಮಡಚಿದ ಕೇಬಲ್‌ನಿಂದ ಇನ್ನೂ ಹಿಂಸೆಯ ತೊಂದರೆ ಒಂದು ಬರುತ್ತದೆ. ಡಿಸ್ಕ್ ಕಾಣುತ್ತದೆ, ರೆಕಾರ್ಡೂ ಆಗುತ್ತದೆ, ಆದರೆ ನಡುನಡುವೆ ಐದು ನಿಮಿಷ, ಹತ್ತು ನಿಮಿಷ ಇರುವುದೇ ಇಲ್ಲ. ಡಿವಿಆರ್‌ನಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ಪರೀಕ್ಷೆಯ ಪಟ್ಟಿಯಲ್ಲಿ 199ನೇ ಸಾಲು ನೋಡಿ. ಆ ಸಂಖ್ಯೆ ದಿನ ದಿನಕ್ಕೆ ಏರುತ್ತಿದ್ದರೆ ಕೇಬಲ್ ಬದಲಿಸಿ. 5, 197, 198ನೇ ಸಾಲುಗಳು ಏರುತ್ತಿದ್ದರೆ ಅದು ಡಿಸ್ಕಿನ ತಟ್ಟೆಯದ್ದೇ ರೋಗ. ಅಂಥ ಡಿಸ್ಕನ್ನು ನಂಬಬೇಡಿ.

ಡಿಸ್ಕ್ ಕಾಣುತ್ತದೆ ಆದರೆ ಅಳತೆ ತಪ್ಪು. ಇದು ಹಳೆಯ ಡಿವಿಆರ್‌ಗಳಲ್ಲಿ ಬರುತ್ತದೆ. 3 ಟಿಬಿ ಡಿಸ್ಕ್ ಹಾಕಿದರೆ 746 ಜಿಬಿ ಎಂದು ತೋರಿಸುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ತುಂಡುಗಳನ್ನು ಎಣಿಸಲು 32 ಬಿಟ್‌ನ ಸಂಖ್ಯೆ ಇತ್ತು, ಒಂದು ತುಂಡಿಗೆ 512 ಬೈಟ್. ಎರಡನ್ನೂ ಗುಣಿಸಿದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿಯುತ್ತದೆ. ಮುಗಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಮೇಲೆ ಉಳಿದ ಪಾಲು ಮಾತ್ರ ಕಾಣುತ್ತದೆ. ಕಂಪನಿಯ ಹೊಸ ಫರ್ಮ್‌ವೇರ್ (ಡಿವಿಆರ್ ಒಳಗಿನ ತಂತ್ರಾಂಶ) ಇದ್ದರೆ ಸರಿಹೋಗಬಹುದು. ಇಲ್ಲವಾದರೆ 2 ಟಿಬಿಗೇ ನಿಲ್ಲಿಸಿ. ಕೊಳ್ಳುವ ಮುಂಚೆಯೇ ಡಿವಿಆರ್‌ನ ಕೈಪಿಡಿಯಲ್ಲಿ ಒಂದು ಪೋರ್ಟಿಗೆ ಹೆಚ್ಚೆಂದರೆ ಎಷ್ಟು ಟಿಬಿ ಎಂದು ನೋಡಿಬಿಡಿ.

ಫಾರ್ಮ್ಯಾಟ್ ಒತ್ತುವ ಮುಂಚೆ ಉಸಿರು ಬಿಗಿ ಹಿಡಿಯಿರಿ

ಹೊಸ ಡಿಸ್ಕ್ ಪಟ್ಟಿಯಲ್ಲಿ ಬಂದರೂ ತಾನಾಗಿ ರೆಕಾರ್ಡ್ ಶುರು ಮಾಡುವುದಿಲ್ಲ. ಅದರ ಎದುರು ಅನ್‌ಇನಿಷಿಯಲೈಸ್ಡ್ ಎಂದೋ ಅನ್‌ಫಾರ್ಮ್ಯಾಟೆಡ್ ಎಂದೋ ಬರೆದಿರುತ್ತದೆ. ಅದಕ್ಕೆ ಟಿಕ್ ಹಾಕಿ ಇನಿಷಿಯಲೈಸ್ ಅಥವಾ ಫಾರ್ಮ್ಯಾಟ್ ಒತ್ತಬೇಕು. ಪಟ್ಟಿಯಲ್ಲಿ ಎರಡು ಡಿಸ್ಕ್ ಇರುವುದರಿಂದ ಟಿಕ್ ಯಾವುದರ ಎದುರು ಬಿದ್ದಿದೆ ಎಂದು ಅಳತೆ ನೋಡಿ ಖಾತ್ರಿ ಮಾಡಿಕೊಳ್ಳಿ. 1863ರ ಎದುರು ಇರಬೇಕು, 465ರ ಎದುರು ಇರಬಾರದು. ಫಾರ್ಮ್ಯಾಟ್ ಆದರೆ ಅದರಲ್ಲಿದ್ದ ರೆಕಾರ್ಡಿಂಗ್ ಎಲ್ಲ ಅಳಿದುಹೋಗುತ್ತದೆ. ನನಗೆ ಧೈರ್ಯ ಸಾಲಲಿಲ್ಲ. ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟು, ಹೊಸದೊಂದೇ ಇದ್ದಾಗ ಫಾರ್ಮ್ಯಾಟ್ ಮಾಡಿ, ಆಮೇಲೆ ಹಳೆಯದನ್ನು ಜೋಡಿಸಿದೆ. ಎರಡು ನಿಮಿಷ ಜಾಸ್ತಿ ಹಿಡಿಯಿತು. ಹೀಗೇ ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಅಪಾಯ ಕಂಪ್ಯೂಟರ್ ಕಡೆಯಿಂದ. ಡಿವಿಆರ್‌ನ ಹಳೆಯ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸಿದರೆ ವಿಂಡೋಸ್‌ಗೆ ಅದರ ಒಳಗಿನ ಬರಹ ಅರ್ಥವಾಗುವುದಿಲ್ಲ. ಹೆಚ್ಚಿನ ಡಿವಿಆರ್‌ಗಳು ತಮ್ಮದೇ ರೀತಿಯಲ್ಲಿ ಬರೆಯುತ್ತವೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡಲಾ ಎಂದು ಕೇಳುತ್ತದೆ. ಬೇಡ ಎಂದು ಒತ್ತಿ. ಡಿಸ್ಕ್ ಖಾಲಿ ಇಲ್ಲ, ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟೇ.

ಎರಡನೇ ತಪ್ಪು: ಜಾಗ ಇದೆ, ದಿನ ಇಲ್ಲ

ಎಲ್ಲ ಸರಿಯಾಯಿತು ಎಂದು ಊರಿಗೆ ಬಂದೆ. ಒಂಬತ್ತನೇ ದಿನ ಫೋನ್ ಬಂತು. "ಏಳೇ ದಿನದ್ದು ತೋರಿಸ್ತಾ ಇದೆ ಮಾರಾಯಾ. ನೀ ಇಪ್ಪತ್ತೆಂಟು ಅಂತ ಬರೆದಿಟ್ಟು ಹೋಗಿದ್ದೆ." ಆ ಚೀಟಿ ಇಲ್ಲದಿದ್ದರೆ ಐದು ಇದ್ದದ್ದು ಏಳು ಆಯಿತು ಎಂದು ಚಿಕ್ಕಪ್ಪ ಖುಷಿಯಲ್ಲೇ ಇರುತ್ತಿದ್ದರು.

ಫೋನಿನಲ್ಲೇ ಒಂದು ಪ್ರಶ್ನೆ ಕೇಳಿದೆ. ಡಿಸ್ಕ್ ಪಟ್ಟಿಯಲ್ಲಿ ಫ್ರೀ ಸ್ಪೇಸ್ ಎಷ್ಟಿದೆ? ಅವರು ಓದಿ ಹೇಳಿದರು. ಎರಡೂ ಡಿಸ್ಕ್ ಸೇರಿ ಮುಕ್ಕಾಲು ಪಾಲು ಖಾಲಿ.

ಆ ಒಂದು ಉತ್ತರದಿಂದ ದಾರಿ ಅರ್ಧ ಆಯಿತು. ಹಳೆಯ ರೆಕಾರ್ಡಿಂಗ್ ಎರಡು ಕಾರಣಕ್ಕೆ ಹೋಗುತ್ತದೆ. ಡಿಸ್ಕ್ ತುಂಬಿ ಅದರ ಮೇಲೆ ಬರೆದರೆ ಹೋಗುತ್ತದೆ. ಆಗ ಫ್ರೀ ಸ್ಪೇಸ್ ಸೊನ್ನೆಯ ಹತ್ತಿರ ಇರುತ್ತದೆ. ಇಲ್ಲವೇ ಇಷ್ಟು ದಿನ ಆದ ಮೇಲೆ ಅಳಿಸು ಎಂದು ಯಾರೋ ಡಿವಿಆರ್‌ಗೆ ಹೇಳಿರುತ್ತಾರೆ. ಆಗ ಜಾಗ ಖಾಲಿ ಇದ್ದೂ ಹಳೆಯದು ಇರುವುದಿಲ್ಲ. ಏಳು ದಿನಕ್ಕೆ 88ರ ಹಾಗೆ 616 ಜಿಬಿ. 2500ರಲ್ಲಿ ಸುಮಾರು ಕಾಲು ಪಾಲು. ಲೆಕ್ಕ ಸರಿಯಾಗಿ ಕೂತಿತು.

ರೆಕಾರ್ಡಿಂಗ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ ಒಳಗೆ ಎಕ್ಸ್‌ಪೈರ್ಡ್ ಟೈಮ್ ಎಂಬ ಸಾಲಿತ್ತು. ಅದರಲ್ಲಿ 7. ಕ್ಯಾಮೆರಾ ಹಾಕಿದ ದಿನದಿಂದಲೂ ಅದು 7 ಆಗಿಯೇ ಇದ್ದಿರಬೇಕು. 500 ಜಿಬಿ ಡಿಸ್ಕ್ ಐದೂವರೆ ದಿನಕ್ಕೇ ತುಂಬುತ್ತಿದ್ದುದರಿಂದ ಏಳನೇ ದಿನ ಎಂಬುದು ಯಾವತ್ತೂ ಬರಲೇ ಇಲ್ಲ. ಜಾಗ ಜಾಸ್ತಿ ಆದ ಮೇಲೆ ಆ ಹಳೆಯ ಆಜ್ಞೆಗೆ ಜೀವ ಬಂತು. ಅಲ್ಲಿ 0 ಹಾಕಿದರೆ ದಿನದ ಮಿತಿ ಇರುವುದಿಲ್ಲ, ಜಾಗ ಇರುವ ತನಕ ಉಳಿಯುತ್ತದೆ. ಹೆಸರು ಬೇರೆ ಬೇರೆ ಡಿವಿಆರ್‌ನಲ್ಲಿ ಬೇರೆ ಇರುತ್ತದೆ. ಆಟೋ ಡಿಲೀಟ್ ಎಂದೂ ಇರಬಹುದು. ನಾಲ್ಕೂ ಕ್ಯಾಮೆರಾಗೆ ಬೇರೆ ಬೇರೆಯಾಗಿ ಇರುತ್ತದೆ, ಒಂದಕ್ಕೆ ಬದಲಿಸಿ ಬಿಟ್ಟುಬಿಡಬೇಡಿ. ಚಿಕ್ಕಪ್ಪ ಫೋನ್ ಹಿಡಿದುಕೊಂಡೇ ನಾಲ್ಕಕ್ಕೂ ಸೊನ್ನೆ ಹಾಕಿ ಸೇವ್ ಮಾಡಿದರು.

ಜಾಗ ಖಾಲಿ ಇದ್ದೂ ದಿನ ಕಮ್ಮಿ ಬರಲು ಇನ್ನೂ ಕೆಲವು ಕಾರಣ ಇವೆ. ಡಿಸ್ಕ್‌ಗಳು ಗ್ರೂಪ್ ಎಂಬ ರೀತಿಯಲ್ಲಿ ಇದ್ದರೆ, ಹೊಸ ಡಿಸ್ಕ್ ಬೇರೆ ಗುಂಪಿಗೆ ಸೇರಿ, ಆ ಗುಂಪಿಗೆ ಒಂದು ಕ್ಯಾಮೆರಾವನ್ನೂ ಕೊಟ್ಟಿರುವುದಿಲ್ಲ. ಡಿಸ್ಕ್ ನಾರ್ಮಲ್ ಎಂದು ತೋರಿಸುತ್ತಾ ಸುಮ್ನೆ ಕೂತಿರುತ್ತದೆ. ಕೋಟಾ ಎಂಬ ರೀತಿಯಲ್ಲಿ ಇದ್ದರೆ ಪ್ರತಿ ಕ್ಯಾಮೆರಾಗೆ ಹಳೆಯ ಡಿಸ್ಕಿನ ಕಾಲದ ಜಿಬಿ ಮಿತಿ ಹಾಗೇ ಉಳಿದಿರುತ್ತದೆ. ಇನ್ನು ಓವರ್‌ರೈಟ್ ಆಫ್ ಆಗಿದ್ದರೆ ತೊಂದರೆ ಉಲ್ಟಾ. ಹಳೆಯದೆಲ್ಲ ಇರುತ್ತದೆ, ಡಿಸ್ಕ್ ತುಂಬಿದ ದಿನದಿಂದ ಹೊಸದು ಇರುವುದಿಲ್ಲ. ಅದು ಆನ್ ಇರಲಿ.

ಗಡಿಯಾರದ ತೊಂದರೆಯನ್ನೂ ನೋಡಿ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಡಿವಿಆರ್ ಬೋರ್ಡಿನ ಮೇಲೆ ನಾಣ್ಯದ ಹಾಗಿರುವ 3 ವೋಲ್ಟ್ ಬ್ಯಾಟರಿ ಸತ್ತಿದ್ದರೆ, ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ದಿನಾಂಕ 1970ಕ್ಕೋ 2000ಕ್ಕೋ ಹೋಗುತ್ತದೆ. ರೆಕಾರ್ಡಿಂಗ್ ಇರುತ್ತದೆ, ನೀವು ಹುಡುಕುವ ತಾರೀಕಿನಲ್ಲಿ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಸಿಆರ್2032 ಬ್ಯಾಟರಿ ಇರುತ್ತದೆ, ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಇನ್ವರ್ಟರ್ ಇದ್ದವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಕಡೆ ಇದೆಯಾ ನೋಡಿ. ಇನ್ನೊಂದು ಕಡೆ ಇದ್ದರೆ ಬದಲಾಗುವ ಕ್ಷಣದಲ್ಲಿ ಡಿವಿಆರ್ ಆಫ್ ಆಗಿ ಆನ್ ಆಗುತ್ತದೆ. ದಿನಕ್ಕೆ ಹತ್ತು ಸಲ ಹಾಗೆ ಬಿದ್ದೆದ್ದರೆ ಯಾವ ಡಿಸ್ಕೂ ಬಾಳುವುದಿಲ್ಲ.

ಡಿವಿಆರ್ ಇಟ್ಟ ಜಾಗದ ಬಗ್ಗೆಯೂ ಹೇಳಬೇಕು. ಚಿಕ್ಕಪ್ಪನ ಮನೆಯಲ್ಲಿ ಅದು ಅಟ್ಟದ ಮೇಲೆ, ಬಟ್ಟೆ ಗಂಟಿನ ಪಕ್ಕ ಇತ್ತು. ಒಂದು ಡಿಸ್ಕ್ ಇದ್ದ ಕಡೆ ಎರಡಾದರೆ ಬಿಸಿಯೂ ಜಾಸ್ತಿ. ಸ್ಮಾರ್ಟ್ ಪಟ್ಟಿಯಲ್ಲಿ ಡಿಸ್ಕಿನ ಬಿಸಿ ನೋಡಿದಾಗ 54 ಡಿಗ್ರಿ ಇತ್ತು, ಅದೂ ಡಿಸೆಂಬರಿನಲ್ಲಿ. ಡಿಸ್ಕಿನ ಮಿತಿ 60ರಿಂದ 65 ಡಿಗ್ರಿ. ಏಪ್ರಿಲ್‌ನಲ್ಲಿ ಏನಾಗಬಹುದು ಎಂದು ಯೋಚಿಸಿ ಅದನ್ನು ಕೆಳಗೆ ಜಗುಲಿಯ ಗೋಡೆಯ ಗೂಡಿಗೆ ತಂದಿಟ್ಟೆ. ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಇಟ್ಟ ಮೇಲೆ 43ಕ್ಕೆ ಇಳಿಯಿತು.

28 ದಿನವನ್ನು ತಿಂಗಳು ಮಾಡಲು ಇನ್ನೊಂದು ಸಣ್ಣ ಬದಲಾವಣೆ ಮಾಡಿದೆವು. ಗೇಟಿನ ಕ್ಯಾಮೆರಾ, ಅಂಗಳದ ಕ್ಯಾಮೆರಾ ಮುಖ ಗುರುತಿಸಲು ಬೇಕು, ಮುಟ್ಟಲಿಲ್ಲ. ಕೋಣೆಯ ಬಾಗಿಲಿನದು ಅಷ್ಟು ಹತ್ತಿರದಿಂದ ನೋಡುತ್ತದೆ, ಅದನ್ನು 1024ಕ್ಕೆ ಇಳಿಸಿದರೂ ಚಿತ್ರ ಚೆನ್ನಾಗೇ ಇತ್ತು. ಈಗ ದಿನಕ್ಕೆ 77 ಜಿಬಿ, 32 ದಿನ. ಅಲುಗಾಡಿದಾಗ ಮಾತ್ರ ರೆಕಾರ್ಡ್ ಮಾಡು ಎಂಬ ಮೋಷನ್ ಸೆಟ್ಟಿಂಗ್ ಹಾಕಿದರೆ ಇನ್ನೂ ಹೆಚ್ಚು ದಿನ ಬರುತ್ತಿತ್ತು. ಕಳ್ಳತನಕ್ಕೆಂದು ಇಟ್ಟ ಕ್ಯಾಮೆರಾಗೆ ಅದನ್ನು ನಾನು ಒಪ್ಪುವುದಿಲ್ಲ. ಕತ್ತಲಲ್ಲಿ ನಿಧಾನವಾಗಿ ನಡೆದವನನ್ನು ಅದು ಬಿಟ್ಟುಬಿಡಬಹುದು.

ಎರಡು ಡಿಸ್ಕ್ ಇದ್ದರೆ ಒಂದು ಕೆಟ್ಟರೂ ಇನ್ನೊಂದರಲ್ಲಿ ನಕಲು ಇರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಮನೆಯ ಡಿವಿಆರ್‌ನಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಹಾಗಾಗಿ ಬೇಕಾದ ತುಣುಕು ಕಂಡ ಕೂಡಲೇ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಎಫ್‌ಎಟಿ32 ಪೆನ್‌ಡ್ರೈವ್ ಆದರೆ ಒಂದು ಕಡತ 4 ಜಿಬಿ ದಾಟುವಂತಿಲ್ಲ, ಗಂಟೆ ಗಂಟೆಯಾಗಿ ತುಂಡು ಮಾಡಿ ತೆಗೆಯಿರಿ. ಪೊಲೀಸ್ ದೂರು ಕೊಡುವುದಿದ್ದರೆ ಡಿವಿಆರ್‌ನಲ್ಲಿ ಇರುವ ಮೂಲವನ್ನು ಅಳಿಸಬೇಡಿ, ಆ ಡಿಸ್ಕನ್ನು ಕಳಚಿ ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ.

ಕೆಲಸ ಮುಗಿಯಿತು ಎಂದು ಹೇಳುವ ಮುಂಚೆ ಕೊನೆಯ ಪರೀಕ್ಷೆ ಪ್ಲೇಬ್ಯಾಕ್. ನಾರ್ಮಲ್ ಎಂಬ ಪದವನ್ನೋ ಹಸಿರು ಗುರುತನ್ನೋ ನಂಬಬೇಡಿ. ಹಿಂದಿನ ಒಂದು ತಾರೀಕು ಆರಿಸಿ, ಮಧ್ಯರಾತ್ರಿಯ ಹೊತ್ತಿನದೊಂದು, ಮಧ್ಯಾಹ್ನದ್ದೊಂದು, ನಾಲ್ಕೂ ಕ್ಯಾಮೆರಾದ್ದನ್ನು ಓಡಿಸಿ ನೋಡಿ. ಡಿಸ್ಕ್ ಹಾಕಿ 31 ದಿನ ಆದ ಮೇಲೆ ಚಿಕ್ಕಪ್ಪ ಹಾಗೇ ನೋಡಿದರು. ಮೊದಲ ಎರಡು ದಿನದ್ದು ಆ 7ರ ಆಜ್ಞೆಗೆ ಹೋಗಿತ್ತು. ಮೂರನೇ ದಿನದಿಂದ ಎಲ್ಲವೂ ಇತ್ತು. ಬೆಳಗಿನ ಮಂಜು ಬಿಡುವ ಹೊತ್ತು, ಚಿಕ್ಕಮ್ಮ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರವುತ್ತಿದ್ದರು. ಒಂದೊಂದು ಬುಟ್ಟಿಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು.